ಪತಂಗದ ಘ್ರಾಣೇಂದ್ರಿಯವೂ ನಮ್ಮ ಪಟ್ಟೆವಸ್ತ್ರವೂ
(ಪಂಚಕಲ್ಯಾಣ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

ನಾನು ಶಾಸ್ತ್ರಪಂಡಿತನಲ್ಲ, ವಿಜ್ಞಾನಿಯೂ ಅಲ್ಲ, ಜವಳಿ ವ್ಯಾಪಾರಿ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಜೀವರನ್ನು ಇಂದ್ರಿಯಗಳ ಗಣನೆಯಿಂದ ವಿಂಗಡಿಸಿದ್ದಾರೆ. ಕೃಮಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ರೇಷ್ಮೆಯ ಪತಂಗವು ದುಂಬಿಯ ಸಾಲಿನ ಚತುರಿಂದ್ರಿಯ ಜೀವಿ. ನಮಗಿಂತ ಒಂದು ಇಂದ್ರಿಯ ಕಡಿಮೆಯೆಂದು ಅದರ ಅರಿವನ್ನು ಅಲ್ಪವೆಂದು ಬಗೆಯಲಾಗದು.

ಗೂಡಿನಿಂದ ಹೊರಬಂದ ಈ ಪತಂಗವು ಆಹಾರವನ್ನೇ ಸೇವಿಸದೆ ಕೆಲವೇ ದಿನ ಬದುಕುತ್ತದೆ. ಹೆಣ್ಣು ತನ್ನ ಉದರದ ತುದಿಯಿಂದ ಒಂದು ಗಂಧವನ್ನು ಸೂಸುತ್ತದೆ. ಗಂಡಿನ ತಲೆಯ ಮೇಲೆ ಬಾಚಣಿಗೆಯಂತಹ ಎರಡು ಕುಡಿಮೀಸೆಗಳಿವೆ. ಅವುಗಳಲ್ಲಿ ಈ ಗಂಧವನ್ನು ಗ್ರಹಿಸಲೆಂದೇ ಸಾವಿರಾರು ಸೂಕ್ಷ್ಮ ರೋಮಗಳಿವೆ. ಒಂದೇ ಒಂದು ಅಣು ತಗುಲಿದರೂ ರೋಮದೊಳಗಿನ ನರಕೋಶ ಎಚ್ಚರಗೊಳ್ಳಬಲ್ಲದು. ಸರಿಯಾಗಿ ಹಾರಲಾರದ ಗಂಡು, ರೆಕ್ಕೆ ಬಡಿಯುತ್ತಾ ನಡೆದೇ ಹೆಣ್ಣನ್ನು ಸೇರುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಸಂಗಡಿಗರು 1959ರಲ್ಲಿ ಈ ಗಂಧದ್ರವ್ಯದ ಸ್ವರೂಪವನ್ನು ಪ್ರಕಟಿಸಿ, 'ಬಾಂಬಿಕಾಲ್' ಎಂದು ಹೆಸರಿಸಿದರು. ಅದಕ್ಕೆ ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳು ಬೇಕಾದವು. ದೊರೆತದ್ದು ಕೆಲವೇ ಮಿಲಿಗ್ರಾಂ!

ಇಂತಹ ಇಂದ್ರಿಯವು ಗೂಡಿನೊಳಗೆ ರೂಪುಗೊಳ್ಳುತ್ತಿರುವಾಗಲೇ ಆ ಜೀವವನ್ನು ಬಿಸಿಗಾಳಿಗೋ ಹಬೆಗೋ ಒಡ್ಡಿ ಕೊಲ್ಲುತ್ತಾರೆ. ಬಳಿಕ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಪತಂಗ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುವುದೆಂಬುದೇ ಇದಕ್ಕೆ ಕಾರಣ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು.

ಪಟ್ಟೆಯನ್ನು ಮಡಿಯೆಂದು ಉಡುವುದು ಹಿರಿಯರಿಂದ ಬಂದ ರೂಢಿ. ರೂಢಿಯ ಮೇಲೆ ನನಗೆ ಗೌರವವಿದೆ. ಆದರೆ ಕರುಣಾಮೂರ್ತಿಯಾದ ಜಿನೇಶ್ವರನ ಅಭಿಷೇಕಕ್ಕೆ ಕೈಯೆತ್ತುವಾಗ ಮೈಮೇಲಿನ ವಸ್ತ್ರ ಹೇಗೆ ಬಂತೆಂದು ಕೇಳಿಕೊಳ್ಳುವುದು ಶ್ರಾವಕಧರ್ಮವಲ್ಲವೇ? ಒಗೆದು ಶುದ್ಧವಾದ ಹತ್ತಿಯ ಪಂಚೆ-ಸೀರೆಗಳಿವೆ. ಪಟ್ಟೆಯೇ ಬೇಕೆಂಬವರಿಗೆ, ಪತಂಗ ಹೊರಬಂದ ಬಳಿಕ ಉಳಿದ ಗೂಡುಗಳ ತುಂಡು ಎಳೆಯನ್ನು ನೂತು ನೇಯ್ದ ಬಟ್ಟೆಯೂ ಉಂಟು. ಹೊಳಪು ತುಸು ಕಡಿಮೆ, ಅಷ್ಟೆ. ಕೊಳ್ಳುವಾಗ ಅಂಗಡಿಯವನನ್ನು ಕೇಳಿ ತಿಳಿಯಿರಿ.

ಈ ಮಾತಿನಿಂದ ವ್ಯಾಪಾರಿಯಾದ ನನಗೆ ನಷ್ಟವೇ ಹೊರತು ಲಾಭವಿಲ್ಲ. ಆದರೂ ಈ ನೂತನ ಬಸದಿಯಲ್ಲಿ ಮೊದಲ ದಿನದಿಂದಲೇ ಪೂಜೆಗೆ ಅಹಿಂಸೆಯ ವಸ್ತ್ರವೇ ಇರಲೆಂದು ಸಮಾಜವು ನಿಶ್ಚಯಿಸಬೇಕೆಂದು ಕೈಮುಗಿದು ಪ್ರಾರ್ಥಿಸುತ್ತೇನೆ.

ಜೈ ಜಿನೇಂದ್ರ.