ಮಗು ಮೊದಲು ನಮ್ಮ ಬಳಿಗೇ ಬರಲಿ
(ಕುರುಡುಮಲೆಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 



2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಸರ್ಕಾರ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಆರಂಭಿಸಿತು. ಎಷ್ಟೋ ಖಾಸಗಿ ಶಾಲೆಗಳು ಮೊಬೈಲಿನಲ್ಲೇ ತರಗತಿ ನಡೆಸಿದವು. ಟೊಮೆಟೊ ಮಾರಿದ ದುಡ್ಡಿನಲ್ಲೋ ಸಾಲ ಮಾಡಿಯೋ ನಮ್ಮವರು ಮಕ್ಕಳಿಗೆ ಫೋನ್ ಕೊಡಿಸಿದರು. ಶಾಲೆ ತೆರೆಯಿತು, ಫೋನ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಮುಳಬಾಗಿಲಿಗೆ ಓದಲು ಹೋದ ಮಗಳು ಅದೇ ಫೋನಿನಿಂದ ‘ಬಸ್ ಸಿಕ್ಕಿತು’ ಎಂದು ತಿಳಿಸುತ್ತಾಳೆ. ಮಗ ಅದರಲ್ಲೇ ವಡ್ಡಹಳ್ಳಿ ಮಾರುಕಟ್ಟೆಯ ದರ ನೋಡಿ ಹೇಳುತ್ತಾನೆ. ಫೋನ್ ಹರಾಮ್ ಎಂದು ಹೇಳಿ ಮಿಂಬರ್‌ನಿಂದ ಇಳಿದುಬಿಡುವುದು ನಮಗೆ ಬಹಳ ಸುಲಭ. ಅದರಿಂದ ಒಂದು ಮಗುವಿಗೂ ಉಪಕಾರವಾಗದು.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶ ರಾಜ್ಯದಲ್ಲೆಲ್ಲ ಓಡಾಡಿದ್ದು ನಿಮಗೆ ನೆನಪಿರಬಹುದು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರೆಂಬ ಅನುಮಾನದ ಮೇಲೆ, ಹೈದರಾಬಾದಿನ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಕಳ್ಳ ಬೀದಿಯಲ್ಲಿ ಬರುತ್ತಾನೆಂದು ಜನ ಊರ ಬಾಗಿಲು ಕಾದರು. ಮಗುವಿಗೆ ಕೇಡು ಬಗೆಯುವವನಿಗೆ ಬೀದಿಯೇ ಬೇಕಿಲ್ಲ. ಆಟದ ಆ್ಯಪ್‌ನೊಳಗೆ ಕುಳಿತು ‘ಬ್ರೋ, ಎಷ್ಟನೇ ಕ್ಲಾಸು?’ ಎಂದು ಕೇಳಿದರೆ ಅವನಿಗೆ ಸಾಕು.

ಅವನ ವರಸೆ ತಂದೆತಾಯಿಗೆ ತಿಳಿದಿರಬೇಕು. ಮೊದಲು ಜೊತೆಯಲ್ಲಿ ಆಡುತ್ತಾನೆ, ಹೊಗಳುತ್ತಾನೆ. ಆಟದಲ್ಲಿ ಬೇಕಾದ ಡೈಮಂಡ್ ಕೊಡಿಸುತ್ತೇನೆ ಎನ್ನುತ್ತಾನೆ. ಆಮೇಲೆ ವಾಟ್ಸಾಪ್‌ಗೆ, ಇನ್‌ಸ್ಟಾಗ್ರಾಮ್‌ಗೆ ಕರೆಯುತ್ತಾನೆ. ಒಂದು ಫೋಟೊ ಕೇಳುತ್ತಾನೆ, ಅಥವಾ ವಿಡಿಯೊ ಕರೆ ಮಾಡಿ ಮಗುವಿಗೆ ತಿಳಿಯದಂತೆ ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾನೆ. ಹೆಣ್ಣಿನ ಹೆಸರು, ಹೆಣ್ಣಿನ ಚಿತ್ರ ಇಟ್ಟುಕೊಂಡು ಗಂಡುಮಕ್ಕಳನ್ನು ಬಲೆಗೆ ಹಾಕುವವರಿದ್ದಾರೆ. ಆದ್ದರಿಂದ ‘ನನಗಿರುವುದು ಗಂಡುಮಗ, ನನಗೇನು ಚಿಂತೆ’ ಎನ್ನುವವರು ಇನ್ನೊಮ್ಮೆ ಯೋಚಿಸಲಿ. ಫೋಟೊ ಕೈಗೆ ಸಿಕ್ಕ ಮೇಲೆ ಹಣಕ್ಕೋ ಇನ್ನೊಂದು ಫೋಟೊಗೋ ಬೇಡಿಕೆ ಬರುತ್ತದೆ, ಅದರ ಜೊತೆಗೆ ಒಂದು ಮಾತೂ ಬರುತ್ತದೆ: ‘ಕೊಡದಿದ್ದರೆ ನಿನ್ನ ಅಬ್ಬಾಗೆ ಕಳಿಸುತ್ತೇನೆ.’

ಸಹೋದರರೇ, ಈ ಮಾತನ್ನು ಸ್ವಲ್ಪ ತಡೆದು ಗಮನಿಸಿ. ಆ ದುಷ್ಟನ ಕೈಯಲ್ಲಿ ಚಾಕುವಿಲ್ಲ, ಕೋವಿಯಿಲ್ಲ. ಅವನ ಆಯುಧ ನಾವೇ. ನಮ್ಮ ಸಿಟ್ಟು, ನಮ್ಮ ಬೆಲ್ಟು, ‘ಮಾನ ಕಳೆದೆ’ ಎಂಬ ನಮ್ಮ ಕೂಗು. ಅಬ್ಬಾಗೆ ಗೊತ್ತಾದರೆ ಕೊಂದೇಬಿಡುತ್ತಾರೆ ಎಂದು ನಂಬಿದ ಮಗು ಕಳ್ಳನ ಮಾತು ಕೇಳುತ್ತದೆ, ಅಮ್ಮಿಯ ಫೋನಿನಿಂದ ಹಣ ಕಳಿಸುತ್ತದೆ. ಕೆಲವೊಮ್ಮೆ ಜೀವಕ್ಕೇ ಅಪಾಯ ಮಾಡಿಕೊಳ್ಳುತ್ತದೆ. ಅಬ್ಬಾ ಬೈದರೂ ಕೈ ಬಿಡುವುದಿಲ್ಲ ಎಂದು ತಿಳಿದ ಮಗು ಅದೇ ರಾತ್ರಿ ಬಂದು ಹೇಳುತ್ತದೆ. ಅಲ್ಲಿಗೆ ಆ ಬೆದರಿಕೆಯ ಬಲ ಮುಗಿಯಿತು.

ಯೂಸುಫ್ ಅಧ್ಯಾಯ ಆರಂಭವಾಗುವುದು ಹೇಗೆ? ಒಬ್ಬ ಹುಡುಗ ತಾನು ಕಂಡ ವಿಚಿತ್ರ ಕನಸನ್ನು ನೇರವಾಗಿ ತಂದೆಯ ಬಳಿ ಬಂದು ಹೇಳುತ್ತಾನೆ. ಯಾಕೂಬ್(ಅ) ನಗಲಿಲ್ಲ, ‘ಹೋಗು, ಕೆಲಸ ನೋಡು’ ಎನ್ನಲಿಲ್ಲ. ಪ್ರೀತಿಯಿಂದ ಮಗನೇ ಎಂದು ಕರೆದು, ಈ ಸಂಗತಿಯನ್ನು ಯಾರಿಗೆ ಹೇಳಬಾರದು ಎಂಬುದನ್ನು ತಿಳಿಸಿಕೊಟ್ಟರು. ಯಾರಿಗೆ ಏನು ಹೇಳಬಹುದು, ಏನು ಹೇಳಬಾರದು ಎಂಬ ಪಾಠ ಇಂದು ಫೋನ್ ಹಿಡಿದ ಪ್ರತಿ ಮಗುವಿಗೂ ಬೇಕು. ತನ್ನ ಮಾತಿಗೆ ಕಿವಿಗೊಡುವ ತಂದೆಯಿಂದ ಮಾತ್ರ ಮಗು ಅದನ್ನು ಕಲಿಯುತ್ತದೆ.

ಮುಸ್ನದ್ ಅಹ್ಮದ್‌ನಲ್ಲಿ ಅಬೂ ಉಮಾಮಾ(ರ) ವರದಿ ಮಾಡಿದ ಘಟನೆ ನಿಮಗೆ ಗೊತ್ತು. ಯುವಕನೊಬ್ಬ ಪ್ರವಾದಿ(ಸ)ರ ಸನ್ನಿಧಿಗೆ ಬಂದು ವ್ಯಭಿಚಾರಕ್ಕೆ ಅನುಮತಿ ಕೇಳಿದ. ಸುತ್ತಲಿದ್ದವರು ಗದರಿದರು. ಪ್ರವಾದಿ(ಸ) ಅವನನ್ನು ಹತ್ತಿರಕ್ಕೆ ಕರೆದರು, ನಿನ್ನ ತಾಯಿಯ ವಿಷಯದಲ್ಲಿ, ಮಗಳ ವಿಷಯದಲ್ಲಿ, ಸಹೋದರಿಯ ವಿಷಯದಲ್ಲಿ ಇದನ್ನು ಒಪ್ಪುತ್ತೀಯಾ ಎಂದು ಒಂದೊಂದಾಗಿ ಕೇಳಿದರು, ಮೈಮೇಲೆ ಕೈಯಿಟ್ಟು ದುಆ ಮಾಡಿದರು. ಅಂಥ ಪ್ರಶ್ನೆಗೇ ಆ ಮಸೀದಿಯಲ್ಲಿ ಜಾಗವಿತ್ತು. ಫೋನಿನಲ್ಲಿ ಕೊಳಕು ವಿಡಿಯೊ ಕಂಡ ಹನ್ನೆರಡರ ಹುಡುಗ ಬಂದು ಕೇಳಿದರೆ ನಮ್ಮ ಮನೆಯಲ್ಲಿ ಜಾಗವಿದೆಯೇ?

ಇನ್ನು ಮನೆಯ ಶಿಸ್ತಿನ ಮಾತು. ಅನ್ನೂರ್ ಅಧ್ಯಾಯದ 58ನೇ ವಚನದಲ್ಲಿ ಅಲ್ಲಾಹನು ಫಜ್ರ್‌ಗೆ ಮುಂಚೆ, ನಡುಮಧ್ಯಾಹ್ನ, ಇಶಾ ನಂತರ ಎಂಬ ಮೂರು ಹೊತ್ತನ್ನು ಖಾಸಗಿ ಸಮಯವೆಂದು ಗುರುತಿಸಿ, ಆಗ ಚಿಕ್ಕ ಮಕ್ಕಳೂ ಅನುಮತಿ ಕೇಳಿಯೇ ಒಳಗೆ ಬರಬೇಕೆಂದು ಆದೇಶಿಸಿದ್ದಾನೆ. ಮನೆಯ ಮಕ್ಕಳಿಗೇ ಅನುಮತಿ ಬೇಕಾದ ಹೊತ್ತಿನಲ್ಲಿ ಗೊತ್ತುಗುರಿಯಿಲ್ಲದವನು ಮೊಬೈಲಿನ ಮೂಲಕ ಮಗುವಿನ ಹಾಸಿಗೆಯವರೆಗೆ ಬರುತ್ತಿದ್ದಾನೆ. ಇಶಾ ಆದ ಮೇಲೆ ಎಲ್ಲರ ಫೋನೂ ಪಡಸಾಲೆಯಲ್ಲೇ ಚಾರ್ಜ್ ಆಗಲಿ. ಎಲ್ಲರ ಎಂದರೆ ಅಬ್ಬಾನ ಫೋನೂ ಸೇರಿ. ತಾನು ನಡುರಾತ್ರಿಯವರೆಗೆ ರೀಲ್ಸ್ ನೋಡುತ್ತಾ ಮಗನಿಗೆ ‘ಮಲಗು’ ಎನ್ನುವವನ ಮಾತನ್ನು ಮಗ ಕೇಳುವುದಿಲ್ಲ.

ಬೆಳಗಾವಿ ಹತ್ತಿರದ ಹಲಗಾ ಗ್ರಾಮದವರು 2024ರ ಡಿಸೆಂಬರ್‌ನಲ್ಲಿ ಸಂಜೆ 7ಕ್ಕೆ ಸೈರನ್ ಊದಿ 9ರವರೆಗೆ ಟಿವಿ, ಮೊಬೈಲ್ ಬಂದ್ ಮಾಡುವ ಪದ್ಧತಿ ತಂದರು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಹಳ್ಳಿಯೊಂದು 2022ರಲ್ಲೇ ಇದನ್ನು ಮಾಡಿ ತೋರಿಸಿತ್ತು. ನಮಗೆ ಸೈರನ್ನೂ ಬೇಡ, ಮಗ್ರಿಬ್‌ನ ಅಝಾನ್ ಇದೆ. ಅಲ್ಲಿಂದ ಇಶಾವರೆಗೆ ಓದು, ಊಟ, ಮಕ್ಕಳ ಜೊತೆ ಮಾತು.

ಆಂಡ್ರಾಯ್ಡ್ ಫೋನಿನಲ್ಲಿ ‘ಫ್ಯಾಮಿಲಿ ಲಿಂಕ್’ ಹಾಕಿದರೆ ನಿಮ್ಮ ಒಪ್ಪಿಗೆಯಿಲ್ಲದೆ ಮಗು ಹೊಸ ಆ್ಯಪ್ ಇಳಿಸಿಕೊಳ್ಳದಂತೆ ಮಾಡಬಹುದು, ರಾತ್ರಿ ಫೋನ್ ತಾನಾಗಿ ಲಾಕ್ ಆಗುವಂತೆಯೂ ಮಾಡಬಹುದು. ಇನ್‌ಸ್ಟಾಗ್ರಾಮ್‌ಗೆ ಕನಿಷ್ಠ 13 ವರ್ಷ ಎಂಬುದು ಆ ಕಂಪನಿಯದೇ ನಿಯಮ. ಹುಟ್ಟಿದ ವರ್ಷವನ್ನು ಸುಳ್ಳು ಬರೆದು ಖಾತೆ ತೆರೆದುಕೊಡುವ ತಂದೆ, ಮಗುವಿಗೆ ಮೊದಲ ಸುಳ್ಳನ್ನು ತಾನೇ ಕಲಿಸಿದಂತಾಯಿತು.

ಇಷ್ಟಾದರೂ ಏನಾದರೂ ನಡೆದರೆ? ಮೊದಲು ಮಗುವಿಗೆ ‘ಹೇಳಿದ್ದು ಒಳ್ಳೆಯದಾಯಿತು ಬೇಟಾ’ ಎನ್ನಿ. ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟರೆ ಬೇಡಿಕೆ ಹೆಚ್ಚುತ್ತದೆ. ಸಿಟ್ಟಿನಲ್ಲಿ ಫೋನ್ ಒಡೆಯಬೇಡಿ, ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ, ಮಗುವಿಗೆ ನೆರವು ಬೇಕಿದ್ದರೆ 1098ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರದ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೊಂದಿದೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ಹೋಗುತ್ತದೆ. ಇದಕ್ಕೆ ಸೇರಿರುವ ಜಾಲತಾಣಗಳು ಆ ಸಂಖ್ಯೆ ಹಿಡಿದು ಚಿತ್ರವನ್ನು ಹುಡುಕಿ ತೆಗೆಯುತ್ತವೆ.

ಠಾಣೆ ಎಂದರೆ ಹೆದರುವವರಿಗೆ ಒಂದು ಮಾತು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ಮಗುವಿನ ಗುರುತನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಇನ್ನು ನಮ್ಮ ಹುಡುಗರಿಗೆ: ಯಾವುದೋ ಹುಡುಗಿಯ ಅಂಥ ಚಿತ್ರವನ್ನು ಗೆಳೆಯರ ಗುಂಪಿಗೆ ಹಾಕುವುದೂ ಅಪರಾಧವೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಅಲ್ಲಾಹನ ಮುಂದಿನ ಲೆಕ್ಕ ಬೇರೆಯೇ ಇದೆ.

ಕೊನೆಯದಾಗಿ, ಮನಸ್ಸಿಗೆ ಬಹಳ ನೋವು ಕೊಡುವ ವಿಷಯ. ಹುಡುಗಿಯ ಫೋಟೊ ಹೀಗೆ ದುರ್ಬಳಕೆಯಾದರೆ ಕೆಲವು ಮನೆಗಳು ಮೊದಲು ಮಾಡುವುದು ಅವಳ ಓದು ಬಿಡಿಸುವುದು, ಆಮೇಲೆ ಗಡಿಬಿಡಿಯಲ್ಲಿ ನಿಕಾಹ್ ಹುಡುಕುವುದು. ತಪ್ಪು ಮಾಡಿದವನು ಹೊರಗೆ ಓಡಾಡುತ್ತಿರುತ್ತಾನೆ, ಶಿಕ್ಷೆ ಅವಳಿಗೆ. ಇದು ಜುಲ್ಮ್. ಇದನ್ನು ಕಂಡ ಇತರ ಹುಡುಗಿಯರು ಮುಂದೆಂದೂ ಬಾಯಿ ಬಿಡುವುದಿಲ್ಲ.

ದೂರು ಕೊಡಲು ಹಿಂಜರಿಯುವವರು ನಮಗೆ ತಿಳಿಸಿ. ಠಾಣೆಗೆ ನಾವು ಜೊತೆಯಲ್ಲಿ ಬರುತ್ತೇವೆ, ವಿಷಯ ಊರಿನವರ ಕಿವಿಗೆ ಬೀಳುವುದಿಲ್ಲ. ಈ ಭಾನುವಾರ ಅಸರ್ ನಂತರ ಮಸೀದಿಯ ಅಂಗಳದಲ್ಲಿ ನಮ್ಮ ಕಾಲೇಜು ಹುಡುಗರು ಕುಳಿತಿರುತ್ತಾರೆ. ಫೋನ್ ತನ್ನಿ, ಮಗುವನ್ನೂ ಕರೆತನ್ನಿ. ಇಬ್ಬರ ಎದುರಿನಲ್ಲೇ ಸೆಟ್ಟಿಂಗ್ ಮಾಡಿಕೊಡುತ್ತಾರೆ.