ಕುರ್‌ಆನಿನ ಬರಹ: ಆ 'ವಾವ್' ಮುದ್ರಣದೋಷವಲ್ಲ



ಅರಬಿ ಪತ್ರಿಕೆಗಳಲ್ಲಿ 'ಸಲಾತ್' ಎಂಬ ಪದವನ್ನು ಅಲಿಫ್ ಸಹಿತ ಬರೆಯಲಾಗುತ್ತದೆ. ಪವಿತ್ರ ಕುರ್‌ಆನಿನಲ್ಲಿ ಹೆಚ್ಚಿನೆಡೆ ಅದೇ ಸ್ಥಾನದಲ್ಲಿ 'ವಾವ್' ಇದೆ. ಅದನ್ನು ಮುದ್ರಣದೋಷವೆಂದು ಶಂಕಿಸುವವರನ್ನು ನಾವು ಕಂಡಿದ್ದೇವೆ. ವಾಸ್ತವದಲ್ಲಿ ಅದು ಮೂರನೆಯ ಖಲೀಫಾ ಉಸ್ಮಾನ್(ರ)ರ ಕಾಲದಲ್ಲಿ ಸಿದ್ಧವಾದ ಪ್ರತಿಗಳ ಬರಹಕ್ರಮ. ಇಬ್ರಾಹೀಮ್ ಎಂಬ ಹೆಸರನ್ನೇ ನೋಡಿರಿ. ಅಲ್‌ಬಕರ ಅಧ್ಯಾಯದಲ್ಲಿ ಅದಕ್ಕೆ 'ಯಾ' ಅಕ್ಷರವಿಲ್ಲ, ಇತರ ಅಧ್ಯಾಯಗಳಲ್ಲಿದೆ. ನಾವು ಓದುವ ಹಫ್ಸ್ ಪಾಠದಲ್ಲಿ ಉಚ್ಚಾರ ಮಾತ್ರ ಒಂದೇ.

ಹೊಸ ಕಾಗುಣಿತದಲ್ಲಿ ಕುರ್‌ಆನ್ ಬರೆಯಬಹುದೇ ಎಂಬ ಪ್ರಶ್ನೆಗೆ ಇಮಾಮ್ ಮಾಲಿಕ್(ರ) ಸಮ್ಮತಿಸಲಿಲ್ಲ. ಆದರೆ ಮಕ್ಕಳು ಕಲಿಯುವ ಸಣ್ಣ ಪ್ರತಿಗಳಲ್ಲಿ ಚುಕ್ಕಿಗಳನ್ನಿಡಲು ಅವರು ಅಡ್ಡಿಪಡಿಸಲಿಲ್ಲ. 13ನೆಯ ಶತಮಾನದ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್‌ರಾದರೋ, ಜನಸಾಮಾನ್ಯರು ತಪ್ಪಾಗಿ ಓದಿಯಾರೆಂಬ ಆತಂಕದಿಂದ ರೂಢಿಯ ಕಾಗುಣಿತವನ್ನೇ ಬಯಸಿದರು. ಆತಂಕ ಸಣ್ಣದಲ್ಲ. ಆದರೂ 1924ರ ಕೈರೋ ಮುದ್ರಣವು ಮೂಲ ಬರಹವನ್ನೇ ಎತ್ತಿಹಿಡಿದು, ಓದುಗರಿಗೆ ಚಿಹ್ನೆಗಳ ಆಸರೆ ನೀಡಿತು. ನಮಗೂ ಇದೇ ಸರಿಯೆನಿಸುತ್ತದೆ.

ಹಜ್ಜ್‌ನಿಂದ ತಂದ ಮದೀನಾ ಮುದ್ರಣದಲ್ಲಿ ಕೆಲವು ಅಲಿಫ್‌ಗಳ ನೆತ್ತಿಯಲ್ಲಿ ಪುಟ್ಟ 'ಸಾದ್' ತಲೆಯಿದೆ, ಭಾರತದ ಮುದ್ರಣಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಇಷ್ಟಕ್ಕೇ ಒಂದನ್ನು ಬದಿಗಿರಿಸುವ ಮನೆಗಳೂ ಇವೆ! 'ಸಲಾತ್'ನ ವಾವ್ ಏಕೆ ಉಚ್ಚರಿಸಲ್ಪಡುವುದಿಲ್ಲವೆಂದು ಮಗು ಕೇಳಿದರೆ ಗದರಿಸಬೇಡಿ, ಉಸ್ಮಾನ್(ರ)ರ ಪ್ರತಿಗಳ ವೃತ್ತಾಂತವನ್ನು ಹೇಳಿಕೊಡಿ.