ಅಕ್ಕೋರು ಕಲಿಸುವ ಮೊದಲ ಪಾಠ



ಬೆಳಗಾವಿ ನಗರದ ಓಣಿಗಳಲ್ಲಿ, ಖಾನಾಪುರ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಅಂಗನವಾಡಿಗೆ ಬರುವ ಮಕ್ಕಳ ಮನೆಮಾತು ಒಂದೇ ಅಲ್ಲ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲವೂ ಒಂದೇ ಚಾಪೆಯ ಮೇಲೆ ಕೂರುತ್ತವೆ. ಮೊದಲ ಸಲ ಅವ್ವನ ಸೆರಗು ಬಿಟ್ಟು ಬಂದ ಮೂರು ವರ್ಷದ ಮಗುವಿಗೆ ಅಲ್ಲಿ ಬೇಕಾದದ್ದು ಅಕ್ಷರಕ್ಕಿಂತ ಮೊದಲು ಧೈರ್ಯ.

ಅಳುವ ಮಗುವನ್ನು ಅಕ್ಕೋರು, ಅಂದರೆ ಅಂಗನವಾಡಿ ಕಾರ್ಯಕರ್ತೆ, ಗದರಿಸದೆ ಹತ್ತಿರ ಕೂರಿಸಿಕೊಂಡು, "ಅವ್ವನ ನೆನಪಾತೇನು?" ಎಂದರೆ, ತನ್ನ ದುಃಖವನ್ನು ಕೇಳುವವರಿದ್ದಾರೆ ಎಂದು ಮಗು ತಿಳಿಯುತ್ತದೆ. ಒಂದೇ ಚೆಂಡಿಗೆ ಇಬ್ಬರು ಜಗಳವಾಡಿದಾಗ ಸರದಿ ಕಾಯುವುದನ್ನು ಅವರು ತೋರಿಸಿಕೊಡುತ್ತಾರೆ. ಚಪ್ಪಾಳೆಯ ಹಾಡು, ಮಾತು ತಿಳಿಯದ ಮಗುವನ್ನೂ ಗುಂಪಿಗೆ ಸೇರಿಸುತ್ತದೆ. ಸಾಲಾಗಿ ಕೂತು ಒಟ್ಟಿಗೆ ಉಣ್ಣುವುದೇ ಸಮಾನತೆಯ ಮೊದಲ ಪಾಠ.

ಅಂಗನವಾಡಿಗಳಿಗೆ ಬುನಾದಿಯಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಪೌಷ್ಟಿಕ ಆಹಾರ, ಮಕ್ಕಳ ತೂಕ, ಗರ್ಭಿಣಿಯರ ಆರೈಕೆ, ದಾಖಲೆಗಳು, ಸಮೀಕ್ಷೆಗಳು ಎಲ್ಲವೂ ಅಂಗನವಾಡಿ ಕಾರ್ಯಕರ್ತೆಯ ಹೆಗಲ ಮೇಲಿವೆ. ಆಕೆಗೆ ಸಿಗುವುದು ಮಾತ್ರ ಗೌರವಧನ. ಇಷ್ಟರ ನಡುವೆಯೂ ಆಕೆ ತಾಳ್ಮೆಯಿಂದ ಮಕ್ಕಳ ಮನಸ್ಸನ್ನು ಕಟ್ಟುತ್ತಾಳೆ. ಸಿಟ್ಟನ್ನು ತಡೆಯಲು, ಹಂಚಿಕೊಳ್ಳಲು, ಬೇರೆ ಮಾತಿನವರನ್ನು ಗೆಳೆಯರೆನ್ನಲು ಕಲಿತ ಮಗು, ಮುಂದೆ ಕೂಡಿ ಬಾಳುವ ನಾಗರಿಕನಾಗುತ್ತದೆ. ಬೆಳಗಾವಿಯಂಥ ಗಡಿನಾಡಿಗೆ ಇದಕ್ಕಿಂತ ದೊಡ್ಡ ಸೇವೆ ಇಲ್ಲ.

ಆದ್ದರಿಂದ ಪಾಲಕರೇ, ಮಗುವನ್ನು ಕರೆತರಲು ಹೋದಾಗ "ಇವತ್ತು ಏನು ಬರೆಸಿದಿರಿ?" ಎಂದಷ್ಟೇ ಕೇಳಬೇಡಿ. "ಯಾರ ಜೊತೆ ಆಡಿತು?" ಎಂದೂ ಕೇಳಿ. ಅಕ್ಕೋರಿಗೆ ಕೈಮುಗಿದು ಕೃತಜ್ಞತೆ ಹೇಳಿ, ಅವರ ದುಡಿಮೆಗೆ ತಕ್ಕ ಮನ್ನಣೆ ಸಿಗಲು ದನಿಗೂಡಿಸಿ.